ಮೂರನೆಯವನ ಎಡಗೈ

2024ರ ಅಕ್ಟೋಬರ್ 12, ಶನಿವಾರ ಸಂಜೆ ಐದರ ಸುಮಾರಿಗೆ, ನಮ್ಮ ಊರಿನ ಪಾರ್ಕಿನ ಪಕ್ಕದ ಹಾಲ್‌ನಲ್ಲಿ, ಗೋಡೆಯ ಮೇಲಿನ ಚಿತ್ರದ ಆರು ಮಂದಿ ಕೂಲಿಗಾರರಲ್ಲಿ ಮೂರನೆಯವನ ಎಡಗೈ ಅಳಿಸಿಹೋಯಿತು. ಅಳಿಸಿದ್ದು ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆ. ಬಟ್ಟೆ ಹಿಡಿದವರು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಆಗ ನಾನು ಅಲ್ಲಿರಲಿಲ್ಲ. ಊಟ ಮುಗಿಸಿ ನಾಲ್ಕಕ್ಕೇ ಹೊರಟಿದ್ದೆ. ಈ ಭಾಗವನ್ನು ನನಗೆ ಹೇಳಿದವರು ಇಬ್ಬರು: ಒಬ್ಬರು ಕಾರ್ಯದರ್ಶಿಯೇ, ಇನ್ನೊಬ್ಬರು ಹಾಲ್‌ನ ಬೀಗದಕೈ ಇಟ್ಟುಕೊಂಡಿರುವ ಕೇರ್‌ಟೇಕರ್ ಹೆಂಗಸು. ಇಬ್ಬರ ಹೇಳಿಕೆಯಲ್ಲಿ ಗಂಟೆ ಮಾತ್ರ ಸ್ವಲ್ಪ ಹಿಂದೆಮುಂದೆ ಇದೆ.

ಊರು ಶೆಫೀಲ್ಡ್‌ಗೂ ಲೀಡ್ಸ್‌ಗೂ ನಡುವೆ ಇದೆ. ಮೊದಲು ಕಲ್ಲಿದ್ದಲಿನ ಗಣಿ ಇತ್ತು, ಈಗ ಗೋದಾಮುಗಳಿವೆ. ಇಲ್ಲಿನ ವಾರಪತ್ರಿಕೆಗೆ ಕೌನ್ಸಿಲ್ ಸಭೆಗಳನ್ನು ವರದಿ ಮಾಡುವುದು ನನ್ನ ಕೆಲಸ. ಗ್ರಂಥಾಲಯ ಮುಚ್ಚುವ ಸಭೆ, ಈಜುಕೊಳ ಮುಚ್ಚುವ ಸಭೆ, ಮುಚ್ಚಿದ್ದನ್ನು ಮಾರುವ ಸಭೆ. ಪ್ರತಿ ಸಭೆಯಲ್ಲೂ ಯಾರಾದರೂ ಒಬ್ಬರು ಎದ್ದು ನಿಂತು ತಮ್ಮ ಅಪ್ಪ ಅದನ್ನು ಕಟ್ಟಿದ್ದ ಎನ್ನುತ್ತಾರೆ. ಅಧ್ಯಕ್ಷರು ಧನ್ಯವಾದ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ.

ಅಪ್ಪಂದಿರು ಕಟ್ಟಿದ್ದು ಸುಳ್ಳಲ್ಲ. 1930ರ ದಶಕದಲ್ಲಿ ಗಣಿಯ ಕೆಲಸ ನಿಂತಾಗ ಊರಿನ ಗಂಡಸರಲ್ಲಿ ಬಹುಪಾಲು ಮಂದಿ ಬೀದಿಯ ಮೂಲೆಯಲ್ಲಿ ನಿಂತರು. ಸರ್ಕಾರದ ನೆರವಿನಿಂದ ಕೌನ್ಸಿಲ್ ಅವರಿಗೆ ಒಂದು ಕೆಲಸ ಹುಟ್ಟಿಸಿತು: ಗಣಿಯ ಕಸದ ಬಯಲನ್ನು ಪಾರ್ಕ್ ಮಾಡುವುದು. ಯಂತ್ರ ತರಿಸಿದರೆ ಬೇಗ ಮುಗಿದುಹೋಗುತ್ತದೆ ಎಂದು ಕೊಳವನ್ನು ಸಲಿಕೆಯಲ್ಲೇ ತೋಡಿಸಿದರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗಲಿ ಎಂದು ರೋಟಾ, ಅಂದರೆ ಸರದಿಯ ಪಟ್ಟಿ, ಹಾಕಿದರು. ಒಬ್ಬ ಕೆಲವು ವಾರ ಮಣ್ಣು ಹೊತ್ತು, ಸಲಿಕೆಯನ್ನು ಮುಂದಿನವನಿಗೆ ಕೊಟ್ಟು ಮನೆಗೆ ಹೋಗಬೇಕು. ಕೊಳ ಆದ ಮೇಲೆ ಅಂಚಿನಲ್ಲಿ ಹಾಲ್ ಕಟ್ಟಿದರು. ಚಳಿಗಾಲದಲ್ಲಿ ಅಲ್ಲಿ ಬೆಂಕಿ ಇರುತ್ತಿತ್ತು, ಸೂಪ್ ಇರುತ್ತಿತ್ತು. ನಗರದಿಂದ ಒಬ್ಬ ಡ್ರಾಯಿಂಗ್ ಮೇಷ್ಟರು ಬಂದು ಕಲಿಸುತ್ತಿದ್ದರು. ಆ ತರಗತಿಯ ಗಂಡಸರು ಹಿಂಬದಿಯ ಗೋಡೆಯ ಮೇಲೆ ತಮ್ಮನ್ನು ತಾವೇ ಬರೆದುಕೊಂಡರು. ಆರು ಮಂದಿ ಕೊಳ ತೋಡುತ್ತಿದ್ದಾರೆ. ನಾಲ್ವರ ಕೈಯಲ್ಲಿ ಸಲಿಕೆ, ಇಬ್ಬರ ಕೈಯಲ್ಲಿ ಪಿಕಾಸಿ. ಮುಖಗಳು ಸರಿಯಾಗಿ ಬಂದಿಲ್ಲ. ಎಲ್ಲರಿಗೂ ಒಂದೇ ಮೂಗು, ಒಂದೇ ಟೋಪಿ. ಕೈಗಳನ್ನು ಮಾತ್ರ ಚೆನ್ನಾಗಿ ಬರೆದಿದ್ದರು. ಕೆಳಗೆ ಒಬ್ಬರ ಹೆಸರೂ ಇಲ್ಲ.

ನಮ್ಮ ಸಂಘ ಆ ಹಾಲ್‌ಗೆ ಬಂದದ್ದು ಚಿತ್ರಕ್ಕಾಗಿ ಅಲ್ಲ, ಪಾರ್ಕಿಂಗ್‌ಗಾಗಿ. ಶೆಫೀಲ್ಡ್‌ನ ಆಸ್ಪತ್ರೆಗಳ ಡಾಕ್ಟರುಗಳು, ಲೀಡ್ಸ್‌ನ ಸಾಫ್ಟ್‌ವೇರ್‌ನವರು, ಬೀಸ್ಟನ್ ಕಡೆಯಿಂದ ಬರುವ ಎರಡು ಮೂರು ಮನೆಯವರು, ಎಲ್ಲರಿಗೂ ಮೋಟರ್‌ವೇಯಿಂದ ಹತ್ತಿರ. ದೊಡ್ಡ ಹಬ್ಬದ ದೇವರ ಕೆಲಸವೆಲ್ಲ ದೂರದ ಟಿವಿಡೇಲ್ ಊರಿನ ಗುಡಿಯಲ್ಲಿ. ಊಟ, ಹಾಡು, ಫೋಟೋ ಇಲ್ಲಿ. ಹಬ್ಬ ಪಂಚಾಂಗದ ದಿನಕ್ಕೆ ಬರುವುದಿಲ್ಲ, ಶನಿವಾರಕ್ಕೆ ಬರುತ್ತದೆ. ಆ ವರ್ಷ ಆಯುಧಪೂಜೆ ಶುಕ್ರವಾರವಿತ್ತು. ನಾವು ಶನಿವಾರ ಮಾಡಿದೆವು.

ಹಾಲ್‌ನ ಎದುರು ಮನೆಯಲ್ಲಿ ಎಂಬತ್ತೈದು ದಾಟಿದ ಒಬ್ಬ ಹೆಂಗಸು ಒಬ್ಬರೇ ಇದ್ದಾರೆ. ಮೊದಲ ವರ್ಷದ ಯುಗಾದಿಗೆ ನಮ್ಮ ಗದ್ದಲ ಏನೆಂದು ನೋಡಲು ಬಂದವರು, ಆಮೇಲೆ ಪ್ರತಿ ಸಲ ಬಂದರು. ನಾವು ಅವರನ್ನು ಅಜ್ಜಿ ಎನ್ನುತ್ತಿದ್ದೆವು. ಆ ಪದದ ಅರ್ಥ ಅವರಿಗೆ ಗೊತ್ತಿತ್ತು. ಅವರು ನಮ್ಮೆಲ್ಲರನ್ನೂ ಈ ಕಡೆಯ ರೂಢಿಯಂತೆ "ಲವ್" ಎನ್ನುತ್ತಿದ್ದರು, ಹೃದ್ರೋಗ ತಜ್ಞರನ್ನೂ ಸೇರಿಸಿ. ಅವರ ಕುರ್ಚಿ ಯಾವಾಗಲೂ ಹಿಂಬದಿಯ ಗೋಡೆಗೆ, ಹೀಟರ್ ಪಕ್ಕ. ತಲೆಯ ಮೇಲೆ ಚಿತ್ರದ ಮೂರನೆಯ ಮನುಷ್ಯ. ಅದು ಅವರ ಅಪ್ಪ.

ಅವರು ಹೇಳುತ್ತಿದ್ದುದು ಇಷ್ಟು: ಅಪ್ಪ ಎಡಚ. ಮನೆಯಲ್ಲಿ ಮೊಣಕೈ ತಾಗಬಾರದೆಂದು ಮೇಜಿನ ತುದಿಗೆ ಕೂರುತ್ತಿದ್ದರು. ಚಿತ್ರದಲ್ಲಿ ಉಳಿದವರೆಲ್ಲರ ಬಲಗೈ ಹಿಡಿಯ ತುದಿಯಲ್ಲಿದೆ, ಮೂರನೆಯವನದು ಎಡಗೈ. ಯುದ್ಧ ಮುಗಿದ ಮೇಲೆ ಅಪ್ಪ ಅವರನ್ನು ಇಲ್ಲಿಗೆ ಕರೆತಂದು, ಎತ್ತಿ ಹಿಡಿದು, ಆ ಕೈಯನ್ನು ಮುಟ್ಟಿಸಿ, "ಈ ಎಡಚ ನಾನೇ" ಎಂದಿದ್ದರು. ಅಜ್ಜಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಎದೆಯ ಕಾಯಿಲೆಯಿಂದ ತೀರಿಕೊಂಡರು. ಮನೆಯಲ್ಲಿದ್ದ ಅಪ್ಪನ ಒಂದೇ ಫೋಟೋ ಅಕ್ಕನ ಜೊತೆ ಆಸ್ಟ್ರೇಲಿಯಾಕ್ಕೆ ಹೋಯಿತು. ಅಕ್ಕನೂ ಈಗಿಲ್ಲ, ಫೋಟೋ ಎಲ್ಲಿದೆ ಎಂದು ಅವಳ ಮಕ್ಕಳಿಗೆ ಗೊತ್ತಿಲ್ಲ.

2024ರ ಬೇಸಿಗೆಯಲ್ಲಿ ಕೌನ್ಸಿಲ್ ಈ ಹಾಲ್ ಅನ್ನು ಮಾರಾಟದ ಪಟ್ಟಿಗೆ ಸೇರಿಸಿತು. ಮಾರುವ ಮೊದಲು, ಕಟ್ಟಡದಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ ಎಂದು ನೋಡಿ ಬರೆದಿಡಲು ಪರಂಪರೆ ಅಧಿಕಾರಿಯೊಬ್ಬರು ಅಕ್ಟೋಬರ್ 17ರ ಗುರುವಾರ ಬರುವವರಿದ್ದರು. ಚಿತ್ರ ಯಾರು ಬರೆದದ್ದು, ಚಿತ್ರದಲ್ಲಿ ಯಾರಿದ್ದಾರೆ ಎಂಬುದು ಆ ದಾಖಲೆಯಲ್ಲಿ ಬರುತ್ತದೆ. ಅಜ್ಜಿಗೆ ಬೇಕಾಗಿದ್ದು ಅದೊಂದೇ: ಅಪ್ಪನ ಹೆಸರು ಅಲ್ಲಿ ಸೇರಬೇಕು. ಹಾಲ್ ಯಾರು ಕೊಳ್ಳುತ್ತಾರೆಂದು ಅವರು ತಲೆಕೆಡಿಸಿಕೊಂಡಿರಲಿಲ್ಲ. ಆರು ಜನರಲ್ಲಿ ಒಬ್ಬರನ್ನಾದರೂ ಗುರುತಿಸಬಲ್ಲವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು. ಇದನ್ನು ನಾನು ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ಸಣ್ಣದಾಗಿ ಬರೆದೂ ಇದ್ದೆ. ಜೊತೆಗೆ ಫೋಟೋ ಹಾಕಲಿಲ್ಲ, ಪುಟದಲ್ಲಿ ಜಾಗವಿರಲಿಲ್ಲ.

ಶನಿವಾರ ಮಧ್ಯಾಹ್ನ ಕಾರ್ ಪಾರ್ಕಿನಲ್ಲಿ ಕಾರುಗಳು ಸಾಲಾಗಿ ನಿಂತವು. ಪೂಜೆಯ ಉಸ್ತುವಾರಿ ಸಂಘದವರೆಲ್ಲ ಅಕ್ಕ ಎಂದು ಕರೆಯುವ ಉಡುಪಿ ಕಡೆಯ ಹೆಂಗಸಿನದು. ಅವರೂ ಅವರ ಗಂಡನೂ ಶೆಫೀಲ್ಡ್‌ನಲ್ಲಿ ಔಷಧಿ ಅಂಗಡಿ ನಡೆಸುತ್ತಾರೆ. ಕೈಯಲ್ಲಿ ಗಂಧ-ಕುಂಕುಮದ ಬಟ್ಟಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೇಲೆ ಚಳಿಯ ಜಾಕೆಟ್.

"ಆ ಬಿಳಿ ಕಾರಿಗೆ ನಿಂಬೆಹಣ್ಣು ಇಟ್ಟದ್ದು ಕಾಣುದಿಲ್ಲ ಮಾರಾಯ್ರೆ."

"ಅದು ಬಾಡಿಗೆ ಕಾರು ಅಕ್ಕ," ಎಂದ ಒಬ್ಬ.

"ಬಾಡಿಗೆಯಾದ್ರೂ ಚಕ್ರ ಉಂಟಲ್ಲ? ಇಡಿ, ಇಡಿ."

ಕಾರ್ಯದರ್ಶಿ ಹಿಂದೆಯೇ ಒಂದು ಕಪ್ಪು ಚೀಲ ಹಿಡಿದು ಬರುತ್ತಿದ್ದರು. ಬಸವನಗುಡಿಯವರು, ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. "ಅಕ್ಕ, ನಿಂಬೆಹಣ್ಣು ಒಡೆದ ತಕ್ಷಣ ಎತ್ತಿಸ್ಬಿಡಿ. ಹೋದ್ಸಲ ರಂಗೋಲಿ ಪುಡಿ ಫ್ಲೋರ್ ಸಂದೀಲಿ ಕೂತ್ಕೊಂಡಿತ್ತು ಅಂತ ಎರಡು ಇಮೇಲ್ ಬಂತು."

"ನಿಮಗೆ ದೇವರದ್ದು ಹೆದರಿಕೆ ಇಲ್ಲ, ಇಮೇಲಿನದ್ದು ಮಾತ್ರ."

"ದೇವರು ಡೆಪಾಸಿಟ್ ಹಿಡ್ಕೊಳಲ್ಲ ಅಕ್ಕ."

ಕಾರ್ಯದರ್ಶಿಯ ಮಾತಿಗೆ ಎಲ್ಲರೂ ನಕ್ಕರು. ಆದರೆ ಅವರ ಹೆದರಿಕೆ ನಿಜವಾದದ್ದು. ಹಾಲ್‌ನ ಬಾಗಿಲಿನ ಮೇಲೆ, ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಿ ಎಂಬ ಬೋರ್ಡು ಇದೆ. ಬೇರೆಯವರು ಅದನ್ನು ಓದಿ ಕುರ್ಚಿ ಒಟ್ಟಿ ಹೋಗುತ್ತಾರೆ. ನಮ್ಮವರು ಮೊದಲಿಗಿಂತ ಚೊಕ್ಕವಾಗಿ ಬಿಟ್ಟು ಹೋಗುತ್ತಾರೆ. ಅರಿಶಿನದ ಕಲೆ, ಒಗ್ಗರಣೆಯ ವಾಸನೆ, ನೆಲಕ್ಕೆ ಬಿದ್ದ ಅನ್ನದ ಅಗುಳು, ಯಾವುದಕ್ಕೂ ಯಾರೂ ಬಾಯಿ ತೆರೆಯುವಂತಿರಬಾರದು. ನಮ್ಮ ಕಾರ್ಯಕ್ರಮದ ಮರುದಿನ ಅಡುಗೆಮನೆ ಹೊಸದಾಗಿ ಕಾಣುತ್ತದೆ ಎಂದು ಕೇರ್‌ಟೇಕರ್ ನನಗೆ ಒಮ್ಮೆ ಹೇಳಿದ್ದರು. ಹೊಗಳಿದರೋ ದೂರಿದರೋ ತಿಳಿಯಲಿಲ್ಲ.

ಒಳಗೆ ಊಟ ನಡೆಯುತ್ತಿದ್ದಾಗ ಅಜ್ಜಿ ಕಿಟಕಿಯಿಂದ ಕಾರುಗಳ ಹಣೆಯ ಮೇಲಿನ ಕೆಂಪು ಬೊಟ್ಟು ನೋಡಿ ಅದೇನೆಂದು ಕೇಳಿದರು. ಅಕ್ಕ ತಟ್ಟೆ ಕೆಳಗಿಟ್ಟು ಇಂಗ್ಲಿಷಿನಲ್ಲಿ ವಿವರಿಸಿದರು: ವರ್ಷಕ್ಕೊಮ್ಮೆ, ನಮಗೆ ದುಡಿದು ಕೊಡುವ ಉಪಕರಣಗಳಿಗೆ ಕೈಮುಗಿಯುತ್ತೇವೆ. ಯಂತ್ರ, ಕತ್ತಿ, ಕಾರು, ಲ್ಯಾಪ್‌ಟಾಪು.

ಅಜ್ಜಿ ತಲೆಯೆತ್ತಿ ಗೋಡೆ ನೋಡಿದರು. "ಹಾಗಾದರೆ ನಮ್ಮಪ್ಪನ ಸಲಿಕೆ ಏನು ತಪ್ಪು ಮಾಡಿತು, ಲವ್?"

ಅಕ್ಕ ಕುರ್ಚಿ ಎಳೆದು ಹತ್ತಿದರು. ಗಂಡ ಕುರ್ಚಿಯ ಬೆನ್ನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದರು. ಸಲಿಕೆಯ ಅಲಗು ಚಿತ್ರದ ಮಣ್ಣಿನಲ್ಲಿ ಹೂತಿದ್ದರಿಂದ ಬೊಟ್ಟು ಮೇಲೆ, ಹಿಡಿಯೂ ಕೈಯೂ ಸೇರುವಲ್ಲಿ ಬಿತ್ತು. ಅಜ್ಜಿ ಇನ್ನೂ ದೊಡ್ಡದಾಗಿ ಇಡಲು ಹೇಳಿದರು. ಅಕ್ಕ ಇನ್ನೂ ದೊಡ್ಡದಾಗಿ ಇಟ್ಟರು. ಆಮೇಲೆ ಕುರ್ಚಿಯನ್ನು ಸರಿಸುತ್ತಾ ಉಳಿದ ಐವರಿಗೂ ಇಟ್ಟರು.

"ಒಬ್ಬರಿಗೆ ಇಟ್ಟು ಇನ್ನೊಬ್ಬರಿಗೆ ಇಡದಿದ್ರೆ ಅವರ ಮಕ್ಕಳು ಎಲ್ಲಿಂದಾದ್ರೂ ಬಂದು ಜಗಳ ಮಾಡ್ತಾರೆ," ಎಂದು ಕನ್ನಡದಲ್ಲಿ ಹೇಳಿ ಇಳಿದರು. ಅಜ್ಜಿ ಕೈಮುಗಿದರು, ನಮ್ಮನ್ನು ನೋಡಿ ಕಲಿತ ರೀತಿಯಲ್ಲಿ, ಬೆರಳುಗಳು ಗಲ್ಲಕ್ಕೆ ತಾಗುವಂತೆ. ನಾನು ಅಲ್ಲೇ ಇದ್ದೆ, ಚಿತ್ರಾನ್ನ ತಿನ್ನುತ್ತಿದ್ದೆ. ಬೇಡವೆನ್ನಬೇಕೆಂದು ನನಗೆ ಹೊಳೆಯಲಿಲ್ಲ. ಚಿತ್ರದ್ದು ನೀರು ತಾಗಿದರೆ ಕಿತ್ತುಬರುವ ಹಳೆಯ ಡಿಸ್ಟೆಂಪರ್ ಎಂದು ನನಗೆ ಗೊತ್ತಿತ್ತು. ನಮ್ಮ ಧಾರವಾಡದ ಕಡೆಯ ಹಳೆಯ ಮನೆಗಳಲ್ಲಿ ಗೋಡೆಗೆ ಒರಗಿ ಎದ್ದರೆ ಅಂಗಿಯ ಬೆನ್ನಿಗೆ ನೀಲಿ ಮೆತ್ತಿಕೊಳ್ಳುತ್ತಿತ್ತು. ಇದೂ ಅದೇ ಜಾತಿ: ಸೀಮೆಸುಣ್ಣದ ಪುಡಿ, ಅಂಟು, ಬಣ್ಣ. ಕೆಲಸವಿಲ್ಲದವರಿಗೆ ಎಣ್ಣೆಬಣ್ಣ ಯಾರು ಕೊಡಿಸುತ್ತಾರೆ?

ಭಾನುವಾರ ಬೆಳಗ್ಗೆ ಕಾರ್ಯದರ್ಶಿಯ ಫೋನ್ ಬಂತು.

"ಸಾರ್, ಒಂದು ಸ್ವಲ್ಪ ಪ್ರಾಬ್ಲಮ್ ಆಗಿದೆ."

"ಹೇಳಿ."

"ಕ್ಲೀನಿಂಗ್ ಎಲ್ಲಾ ಮುಗೀತು ಸಾರ್. ಲಾಸ್ಟ್‌ನಲ್ಲಿ ಗೋಡೆ ನೋಡಿದೆ. ಕುಂಕುಮ ಹಂಗೇ ಇತ್ತು. ಗುರುವಾರ ಆಫೀಸರ್ ಬರ್ತಾರೆ ಅಂತ ನೀವೇ ಬರ್ದಿದ್ರಲ್ಲ. ಅವ್ರು ಬಂದಾಗ ನಮ್ ಕುಂಕುಮ ಇದ್ರೆ ಏನಂದ್ಕೋತಾರೆ ಅಂತ..."

"ಒರೆಸಿದ್ರಾ?"

"ಬರೀ ಪಾತ್ರೆ ತೊಳೆಯೋ ಫೇರಿ ಲಿಕ್ವಿಡ್ ಸಾರ್, ಎರಡೇ ಡ್ರಾಪ್. ನಮ್ಮ ಮನೇಲಿ ವಾಷೇಬಲ್ ಡಿಸ್ಟೆಂಪರ್ ಇತ್ತು, ಒರೆಸಿದ್ರೆ ಏನೂ ಆಗ್ತಿರ್ಲಿಲ್ಲ."

"ಎಷ್ಟು ಬೊಟ್ಟು ಒರೆಸಿದ್ರಿ?"

"ಒಂದೇ. ಮೂರನೇದು. ಅದೇ ತುಂಬಾ ದೊಡ್ಡದಾಗಿ ಕಾಣ್ತಿತ್ತು. ಬಟ್ಟೆ ತೆಗೆದು ನೋಡಿದ್ರೆ ಬಟ್ಟೇಲಿ ಕೈ ಇತ್ತು ಸಾರ್."

ಅವರೇ ಮುಂದುವರಿದರು. "ನೀವು ಇದನ್ನ ಪೇಪರ್‌ನಲ್ಲಿ ಹಾಕಲ್ಲ ಅಲ್ವಾ? ನೀವೂ ನಮ್ಮೋರೇ ಅಲ್ವಾ ಸಾರ್?"

ಮಧ್ಯಾಹ್ನ ಹೋಗಿ ನೋಡಿದೆ. ಅಂಗೈಯಷ್ಟು ಅಗಲಕ್ಕೆ ಬಣ್ಣ ಹೋಗಿ ಕೆಳಗಿನ ಗಾರೆ ಕಾಣುತ್ತಿತ್ತು. ಸಲಿಕೆಯ ಹಿಡಿ ಇರಲಿಲ್ಲ, ಕೈ ಇರಲಿಲ್ಲ. ತೋಳು ಮಣಿಕಟ್ಟಿನವರೆಗೆ ಬಂದು ನಿಂತಿತ್ತು. ಉಳಿದ ಐದು ಬೊಟ್ಟುಗಳು ಹಾಗೆಯೇ ಇದ್ದವು. ಅಜ್ಜಿ ಎದುರಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು. ಕೇರ್‌ಟೇಕರ್ ಬೆಳಗ್ಗೆಯೇ ತಿಳಿಸಿದ್ದರು.

"ಬೊಟ್ಟು ಚೆನ್ನಾಗಿತ್ತು," ಎಂದರು ಅಜ್ಜಿ. ನಾನು ಟೀ ಮಾಡಿ ತಂದು ಕೊಟ್ಟೆ. ಅವರು ಕುಡಿಯಲಿಲ್ಲ.

ಸೋಮವಾರ ಸಂಪಾದಕಿಗೆ ಎಲ್ಲವನ್ನೂ ಹೇಳಿ, ನಾನು ಸಂಘದ ಸದಸ್ಯ, ಆ ಊಟದಲ್ಲಿದ್ದೆ, ಬೇರೆ ಯಾರಾದರೂ ಬರೆಯಲಿ ಎಂದೆ. ಬೇರೆ ಯಾರೂ ಇಲ್ಲ ಎಂದರು ಅವರು. ಅದು ನಿಜವೇ, ಆಫೀಸಿನಲ್ಲಿ ಆ ದಿನ ನಾವಿಬ್ಬರೇ ಇದ್ದೆವು. ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ. ಹಾಲ್ ಬಾಡಿಗೆಗೆ ಪಡೆದಿದ್ದ ಕನ್ನಡ ಸಂಘದ ಸದಸ್ಯರೊಬ್ಬರು ಶುಚಿಗೊಳಿಸುವಾಗ ಚಿತ್ರದ ಒಂದು ಭಾಗಕ್ಕೆ ಹಾನಿಯಾಗಿದೆ, ಸಂಘ ವಿಷಾದಿಸಿದೆ, ವರದಿಗಾರ ಸಂಘದ ಸದಸ್ಯ. ಕೊನೆಯ ಸಾಲನ್ನು ಸಂಪಾದಕಿ ಆವರಣದಲ್ಲಿ ಹಾಕಿದರು.

"ಸದಸ್ಯರೊಬ್ಬರು ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ ಸಾರ್," ಎಂದರು ಕಾರ್ಯದರ್ಶಿ ಫೋನಿನಲ್ಲಿ. "ಬಟ್ಟೆ ಹಿಡ್ಕೊಂಡು ಓಡಾಡೋನು ಸಂಘದಲ್ಲಿ ನಾನೊಬ್ನೇ." ಆಮೇಲೆ ಎರಡು ತಿಂಗಳು ಅವರು ನನಗೆ ಫೋನ್ ಮಾಡಲಿಲ್ಲ. ಸಂಘದಲ್ಲಿ ಕೆಲವರು ನನ್ನನ್ನು ಕಂಡರೆ ತಟ್ಟೆ ತೆಗೆದುಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು.

ಗುರುವಾರ ಹತ್ತು ಗಂಟೆಗೆ ಪರಂಪರೆ ಅಧಿಕಾರಿ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು, ಕೆಸರಿನ ಬೂಟು, ಕೊರಳಲ್ಲಿ ಕ್ಯಾಮೆರಾ. ಆ ವಾರ ಅವರು ನೋಡಬೇಕಾದ ಕಟ್ಟಡಗಳಲ್ಲಿ ಇದು ಒಂಬತ್ತನೆಯದು. ಗೋಡೆ ಅಳೆದರು, ಫೋಟೋ ತೆಗೆದರು, ಬಣ್ಣವನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಅಜ್ಜಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕಾರ್ಯದರ್ಶಿಯೂ ಅರ್ಧ ದಿನ ರಜೆ ಹಾಕಿ ಬಂದು, ಬಾಗಿಲ ಬಳಿ ಟೈ ಕಟ್ಟಿಕೊಂಡು ನಿಂತಿದ್ದರು.

ಅಜ್ಜಿ ಕೋಲು ಎತ್ತಿ ತೋರಿಸಿದರು. "ಅವರು ನನ್ನಪ್ಪ."

"ಹೇಗೆ ಗುರುತಿಸುತ್ತೀರಿ?"

"ಎಡಗೈ."

ಅಧಿಕಾರಿ ಗೋಡೆ ನೋಡಿದರು. ಕೋಲಿನ ತುದಿ ಬರಿಯ ಗಾರೆಯ ಕಡೆಗಿತ್ತು. ಬೇರೆ ಗುರುತು ಏನಾದರೂ ಇದೆಯೇ, ಪತ್ರ, ಫೋಟೋ, ಆಗಿನ ಪತ್ರಿಕೆಯ ವರದಿ ಎಂದು ಮೆತ್ತಗೆ ಕೇಳಿದರು. ಮನೆಯವರ ಮಾತನ್ನು ಬರೆದುಕೊಳ್ಳಬಹುದು, ಆದರೆ ಅದರ ಜೊತೆ ಬೇರೊಂದು ಆಧಾರ ಇಲ್ಲದೆ ಹೆಸರನ್ನು ಖಚಿತವೆಂದು ಹಾಕುವಂತಿಲ್ಲ ಎಂದು ವಿವರಿಸಿದರು. ನನ್ನ ಕೆಲಸದಲ್ಲೂ ಅದೇ ನಿಯಮ.

ಕಾರ್ಯದರ್ಶಿ ಮುಂದೆ ಬಂದು ಅಜ್ಜಿಯ ಎದುರು ಬಗ್ಗಿ ಕ್ಷಮೆ ಕೇಳಿದರು. ಬರೆದುಕೊಂಡು ಬಂದಿದ್ದರು; ಕೈಯಲ್ಲಿ ಚೀಟಿ ಇತ್ತು. ಅಜ್ಜಿ ಕೊನೆಯವರೆಗೂ ಕೇಳಿದರು.

"ಆ ಕೈಯನ್ನ ಗಣಿ ತೆಗೆಯಲಿಲ್ಲ," ಎಂದರು. "ಯುದ್ಧ ತೆಗೆಯಲಿಲ್ಲ. ನೀನು ಪಾತ್ರೆ ತೊಳೆಯುವ ಸೋಪಿನಲ್ಲಿ ತೆಗೆದೆ."

ಕಾರ್ಯದರ್ಶಿ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

ಆಮೇಲೆ ಅಜ್ಜಿಯೇ ಹೇಳಿದರು: "ನಮ್ಮಮ್ಮನಾಗಿದ್ದರೂ ಒರೆಸುತ್ತಿದ್ದಳು, ಲವ್. ಬಾಡಿಗೆ ವಸೂಲಿಯವನು ಬರುತ್ತಾನೆಂದರೆ ಇದ್ದಿಲನ್ನೂ ತೊಳೆದಿಡುತ್ತಿದ್ದಳು. ಕುಳಿತುಕೋ."

ಅಂದಿನಿಂದ ಸುಮಾರು ಆರು ವಾರ ನಾನು ಒಂದು ಕೈಯನ್ನು ಹುಡುಕಿದೆ. ಪತ್ರಿಕೆಯ ಹಳೆಯ ಫೋಟೋಗಳು ಆಫೀಸು ಬದಲಾಯಿಸುವಾಗ ಪೆಟ್ಟಿಗೆಗಳಲ್ಲಿ ಹೋಗಿದ್ದವು. ಯಾವ ಪೆಟ್ಟಿಗೆ ಎಲ್ಲಿ ಎಂದು ಬಲ್ಲವರು ನಿವೃತ್ತರಾಗಿದ್ದರು. ಊರಿನ ಫೇಸ್‌ಬುಕ್ ಗುಂಪಿನಲ್ಲಿ ಕೇಳಿದೆ. ಹಾಲ್‌ನಲ್ಲಿ ಆದ ಮದುವೆಗಳ ಫೋಟೋ ಬಂದವು, ಎಲ್ಲವನ್ನೂ ವೇದಿಕೆಯ ಕಡೆ ತಿರುಗಿ ತೆಗೆದಿದ್ದರು. ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ನಾವು ಮಾತ್ರ. ಕಿಟಕಿಯ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ ಎಂದು ಯುಗಾದಿ, ರಾಜ್ಯೋತ್ಸವ, ದೀಪಾವಳಿಗೆಲ್ಲ ಅಲ್ಲೇ ಸಾಲುಗಟ್ಟುತ್ತಿದ್ದೆವು. ಸಂಘದ ವಾಟ್ಸ್‌ಆ್ಯಪ್ ಗುಂಪಿನ ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದೆ. ಎತ್ತರದವರು ಹಿಂದೆ ನಿಲ್ಲಿ ಎಂದು ಫೋಟೋ ತೆಗೆಯುವವರು ಪ್ರತಿ ಸಲ ಕೂಗುತ್ತಾರೆ. ಎತ್ತರದವರ ತಲೆ ಸರಿಯಾಗಿ ಆ ಕೈಯ ಮಟ್ಟಕ್ಕೆ ಬರುತ್ತದೆ. ಒಂದು ವರ್ಷ ಅರಿವಳಿಕೆ ಡಾಕ್ಟರ ತಲೆ, ಇನ್ನೊಂದು ವರ್ಷ ಅವರದೇ ಮೈಸೂರು ಪೇಟ. ಒಂದರಲ್ಲಿ ತಲೆ ಪಕ್ಕಕ್ಕಿತ್ತು, ಆದರೆ ಫೋಕಸ್ ಮುಂದಿನ ಕೇಸರಿಬಾತಿನ ಮೇಲಿತ್ತು.

ನವೆಂಬರ್ ಕೊನೆಯಲ್ಲಿ ಅಕ್ಕನ ಅಂಗಡಿಗೆ ಕೆಮ್ಮಿನ ಔಷಧಿಗೆಂದು ಹೋಗಿದ್ದೆ. ಹುಡುಕುವುದನ್ನು ನಿಲ್ಲಿಸುತ್ತೇನೆ ಎಂದೆ.

"ಎಂಥ ಹುಡುಕುದು? ಆ ದಿನ ಇವರು ವಿಡಿಯೋ ಮಾಡಿದ್ರಲ್ಲ?"

"ಸಂಘದ ಗುಂಪಲ್ಲಿ ಇಲ್ವಲ್ಲಕ್ಕ."

"ಸಂಘದ್ದರಲ್ಲಿ ಯಾಕೆ ಹಾಕುದು? ಕುರ್ಚಿ ಮೇಲೆ ನಾನು ಆನೆ ಹಾಗೆ ಕಾಣ್ತೇನೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಉಂಟು. ಉಡುಪಿಯಲ್ಲಿ ಎಲ್ಲರೂ ನೋಡಿ ಆಯ್ತು. ನೀವು ಕೇಳ್ಲೇ ಇಲ್ಲ ಮಾರಾಯ್ರೆ!"

ಅದು ಸರಿ. ಸಭೆಗಳಲ್ಲಿ ಎಲ್ಲರನ್ನೂ ಎರಡೆರಡು ಸಲ ಕೇಳುವ ನಾನು, ಕುರ್ಚಿಯ ಬೆನ್ನು ಹಿಡಿದಿದ್ದವರನ್ನು ಒಮ್ಮೆಯೂ ಕೇಳಿರಲಿಲ್ಲ.

ವಿಡಿಯೋ ಅರ್ಧ ನಿಮಿಷಕ್ಕಿಂತ ಚಿಕ್ಕದು. ಮೊದಲು ಅಕ್ಕನ ಜಾಕೆಟ್ಟು, ಆಮೇಲೆ ಕುಂಕುಮದ ಬೆರಳು. ಬೆರಳು ಸರಿದಾಗ ಹಿಡಿಯ ತುದಿಯನ್ನು ಹಿಡಿದ ಕೈ ಸ್ಪಷ್ಟವಾಗಿ ಕಾಣುತ್ತದೆ: ಎಡಗೈ, ಹೆಬ್ಬೆರಳು ಒಳಗೆ, ನಾಲ್ಕು ಗೆಣ್ಣುಗಳು ಬೆಳ್ಳಗೆ. ಹಿಂದಿನಿಂದ ಅಜ್ಜಿಯ ದನಿ ಕೇಳುತ್ತದೆ, ಇನ್ನೂ ದೊಡ್ಡದಾಗಿ ಇಡು ಎಂದು. ಅಜ್ಜಿಯ ಮನೆಗೆ ಹೋಗಿ ತೋರಿಸಿದೆ. ನಾಲ್ಕು ಸಲ ನೋಡಿದರು. ನಿಲ್ಲಿಸಿ ಹಿಡಿದುಕೊಳ್ಳುವುದು ಹೇಗೆಂದು ಕೇಳಿ, ಕಲಿತು, ಕೈ ಕಂಡಾಗ ಬೆರಳಿಟ್ಟು ನಿಲ್ಲಿಸಿದರು.

ಅಧಿಕಾರಿಗೆ ಕಳಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು. ಮೂರನೆಯ ವ್ಯಕ್ತಿ ಸಲಿಕೆಯನ್ನು ಎಡಗೈಯಿಂದ ಹಿಡಿದಿದ್ದ ಎಂಬುದನ್ನು ಒಪ್ಪಿಕೊಂಡಿದ್ದೇವೆ. ಆದರೆ ಊರಿನಲ್ಲಿದ್ದ ಎಡಚ ಅವರೊಬ್ಬರೇ ಎಂದು ಹೇಳಲಾಗದು. ಆ ವ್ಯಕ್ತಿ ಈ ಕೆಲಸದಲ್ಲಿದ್ದರು ಎಂಬುದಕ್ಕೆ ದಾಖಲೆ ಸಿಕ್ಕರೆ ಕಳಿಸಿ.

ಜನವರಿಯಲ್ಲಿ ಒಂದು ದಿನ ರಜೆ ಹಾಕಿ ದಾಖಲೆ ಕಚೇರಿಗೆ ಹೋದೆ. ಕಾರ್ಯದರ್ಶಿ ತಾವೇ ಕಾರು ತಂದರು. ದಾರಿಯುದ್ದಕ್ಕೂ ನಾವು ಹವಾಮಾನದ ಬಗ್ಗೆ ಮಾತ್ರ ಮಾತಾಡಿದೆವು. ಪಾರ್ಕಿನ ಕೆಲಸದ ರೋಟಾ ಪುಸ್ತಕಗಳಲ್ಲಿ ಒಂದೇ ಉಳಿದಿತ್ತು, ಅದೂ ಒಂದು ಚಳಿಗಾಲದ್ದು. ಬೆನ್ನು ಹರಿದು, ಪುಟಗಳಿಗೆ ಗೆದ್ದಲಿನಂಥದ್ದೇನೋ ಹಿಡಿದಿತ್ತು. ಮುಟ್ಟುವ ಮೊದಲು ಕೈ ತೊಳೆದು ಒಣಗಿಸಿ ಬರಲು ಅಲ್ಲಿನ ಸಿಬ್ಬಂದಿ ಹೇಳಿದರು. ಕಾರ್ಯದರ್ಶಿ ಎರಡು ಸಲ ತೊಳೆದು ಬಂದರು, ಆದರೂ ಪುಟ ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಓದಿದರು. ಹೆಸರು ಕಂಡದ್ದು ಅವರಿಗೇ.

"ಸಾರ್, ಇಲ್ಲಿ. ಇಲ್ಲಿ ಸಾರ್."

ಅಜ್ಜಿಯ ಅಪ್ಪನ ಹೆಸರು, ಅವರ ಬೀದಿ, ಕೆಲಸ: ಕೊಳ ತೋಡುವುದು. ಬಂದ ವಾರ, ಹೋದ ವಾರ. ಎಡಚ ಎಂದಾಗಲಿ, ಚಿತ್ರ ಬರೆದವನೆಂದಾಗಲಿ ಏನೂ ಇರಲಿಲ್ಲ. ಇರಲು ಕಾರಣವೂ ಇಲ್ಲ. ಪುಟದ ಫೋಟೋ ತೆಗೆದು ಅಂದೇ ಕಳಿಸಿದೆವು. ಅಜ್ಜಿಗೆ ಒಂದು ಪ್ರತಿ ಕೊಟ್ಟೆವು. ಅವರು ಅದನ್ನು ಹೀಟರ್ ಮೇಲಿನ ಗೂಡಿನಲ್ಲಿ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಕಾರ್ಡಿನ ಪಕ್ಕ ಇಟ್ಟರು.

ಏಪ್ರಿಲ್‌ನಲ್ಲಿ ಸ್ಥಳೀಯ ಪರಂಪರೆಯ ಪಟ್ಟಿ ಪ್ರಕಟವಾಯಿತು. ಹಾಲ್ ಅದರಲ್ಲಿದೆ. ಪಟ್ಟಿಯಲ್ಲಿದ್ದರೆ ಮಾರಾಟ ನಿಲ್ಲುವುದಿಲ್ಲ. ಕೊಳ್ಳುವವರಿಗೆ ಗೋಡೆಯ ವಿಷಯ ಮೊದಲೇ ತಿಳಿಸಬೇಕು, ಅಷ್ಟೆ. ಚಿತ್ರದ ಬಗ್ಗೆ ಹನ್ನೊಂದು ಸಾಲುಗಳಿವೆ. ಐದು ಕೆಂಪು ಬೊಟ್ಟುಗಳನ್ನು "ನಂತರದ ಸೇರ್ಪಡೆ" ಎಂದು ನಮೂದಿಸಿದ್ದಾರೆ. ಮೂರನೆಯ ವ್ಯಕ್ತಿಯ ಬಗ್ಗೆ ಹೀಗಿದೆ: "ಎಡಗೈ ಭಾಗ 2024ರಲ್ಲಿ ನಷ್ಟವಾಗಿದೆ. ಪಾರ್ಕ್ ಯೋಜನೆಯಲ್ಲಿ ದುಡಿದ ಒಬ್ಬರ ಮಗಳು ಇದು ತನ್ನ ತಂದೆ ಎಂದು ಹೇಳುತ್ತಾರೆ. ಗುರುತು ದೃಢಪಟ್ಟಿಲ್ಲ."

ಹೆಸರು ಇಲ್ಲ.

ಪಟ್ಟಿಗೆ ತಿದ್ದುಪಡಿ ಕೋರಲು ಒಂದು ಫಾರ್ಮ್ ಇದೆ. ಮೇ ತಿಂಗಳಲ್ಲಿ ಅಜ್ಜಿ ಅದನ್ನು ತಮ್ಮ ಕೈಯಿಂದಲೇ ತುಂಬಿದರು. ವಿಡಿಯೋದಿಂದ ತೆಗೆದ ಚಿತ್ರವನ್ನೂ ರೋಟಾ ಪುಟದ ಪ್ರತಿಯನ್ನೂ ಕಾರ್ಯದರ್ಶಿ ಪ್ರಿಂಟ್ ಮಾಡಿಸಿ ತಂದು ಜೊತೆಗಿಟ್ಟರು. ಫಾರ್ಮ್ ತಲುಪಿದೆ ಎಂಬ ಇಮೇಲ್ ಮರುದಿನ ಬಂತು. ಜುಲೈನಲ್ಲಿ ಅಧಿಕಾರಿ ಬೇರೆ ಕೆಲಸಕ್ಕೆ ಹೋದರು. ಆ ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ. ಆಗಸ್ಟ್‌ನಲ್ಲಿ ಅಜ್ಜಿ ಎರಡನೆಯ ಫಾರ್ಮ್ ಕಳಿಸಿದರು. ನಾನು ಕೊನೆಯದಾಗಿ ಪಟ್ಟಿ ತೆರೆದು ನೋಡಿದ್ದು ಕಳೆದ ಸೋಮವಾರ. ಮೂರನೆಯ ವ್ಯಕ್ತಿಯ ಸಾಲು ಬದಲಾಗಿಲ್ಲ.